ಬೆನ್ನ ಮೇಲೆ ಚೀಲ, ಕೈಯಲ್ಲಿ ಹುಟ್ಟು: ಮುಂದಾಳುತನ ಕಲಿಸುವ ಕಾಡಿನ ಪಾಠಶಾಲೆ

ನಮ್ಮ ಮನೆಗಳ ಮಕ್ಕಳಿಗೆ ವ್ಯಾಪಾರದ ಲೆಕ್ಕವನ್ನು ಯಾರೂ ಕೂರಿಸಿಕೊಂಡು ಕಲಿಸಬೇಕಾಗಿಲ್ಲ. ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಕುಳಿತೇ ಅವರು ಕೊಳ್ಳುವ ದರ, ಮಾರುವ ದರ, ಉದ್ರಿ, ವಸೂಲಿ ಎಲ್ಲವನ್ನೂ ತಿಳಿದುಕೊಳ್ಳುತ್ತಾರೆ. ಆದರೆ ನಾಲ್ಕು ಜನರನ್ನು ಜೊತೆಗೆ ಕರೆದುಕೊಂಡು ಹೋಗುವುದು, ಕಷ್ಟ ಬಂದಾಗ ಗಾಬರಿಯಾಗದೆ ತೀರ್ಮಾನ ಮಾಡುವುದು, ಕೆಲಸ ಕೆಟ್ಟಾಗ ಇನ್ನೊಬ್ಬರ ಮೇಲೆ ಹೊರಿಸದಿರುವುದು – ಇವು ಅಲ್ಲಿ ಸುಲಭವಾಗಿ ಬರುವುದಿಲ್ಲ. ಏಕೆಂದರೆ ಅಂಗಡಿಯಲ್ಲಿ ತಂದೆಯೋ ದೊಡ್ಡಪ್ಪನೋ ಇದ್ದೇ ಇರುತ್ತಾರೆ. ಕೊನೆಯ ಮಾತು ಅವರದೇ. ಉಕ್ಕಡಂ, ಒಪ್ಪಣಕ್ಕಾರ ಬೀದಿಯ ಅಂಗಡಿಗಳಲ್ಲಾಗಲಿ, ತಿರುಪ್ಪೂರಿನ ಬನಿಯನ್ ವ್ಯಾಪಾರದಲ್ಲಾಗಲಿ, ಮೂವತ್ತು ದಾಟಿದ ಮಗನೂ "ಅಪ್ಪಾಜಿಯನ್ನು ಕೇಳಿ ಹೇಳುತ್ತೇನೆ" ಎನ್ನುವುದು ನಮಗೆಲ್ಲ ಪರಿಚಿತ. ವಿನಯ ಒಳ್ಳೆಯದೇ. ಆದರೆ ಕೇಳಲು ಅಪ್ಪಾಜಿ ಇಲ್ಲದ ದಿನ ಬಂದರೆ?

ಈ ಪ್ರಶ್ನೆಗೆ ಉತ್ತರವಾಗಿ ಜಗತ್ತಿನಲ್ಲಿ ಒಂದು ವಿಶಿಷ್ಟ ಶಿಕ್ಷಣವೇ ಬೆಳೆದಿದೆ. ಅದರ ತರಗತಿ ಕಾಡು, ನದಿ, ಬೆಟ್ಟ.

ಒಬ್ಬ ಹಡಗು ವ್ಯಾಪಾರಿಯ ಚಿಂತೆ

ಈ ಶಿಕ್ಷಣದ ಮೂಲದಲ್ಲಿ ಒಬ್ಬ ವ್ಯಾಪಾರಿಯೂ ಇದ್ದಾನೆ ಎಂಬುದು ನಮ್ಮ ಓದುಗರಿಗೆ ಸಂತೋಷದ ಸಂಗತಿ. ಎರಡನೆಯ ಮಹಾಯುದ್ಧದಲ್ಲಿ ಶತ್ರುಗಳು ಹಡಗುಗಳನ್ನು ಮುಳುಗಿಸುತ್ತಿದ್ದಾಗ, ಬ್ರಿಟನ್ನಿನ ಹಡಗು ಕಂಪೆನಿಯೊಂದರ ಪಾಲುದಾರ ಲಾರೆನ್ಸ್ ಹೋಲ್ಟ್ ಎಂಬವರನ್ನು ಒಂದು ವಿಷಯ ಕಾಡಿತು. ಜೀವರಕ್ಷಕ ದೋಣಿಗಳಲ್ಲಿ ವಯಸ್ಸಾದ ನಾವಿಕರು ಬದುಕಿ ಬರುತ್ತಿದ್ದರು. ಗಟ್ಟಿಮುಟ್ಟಾದ ಎಳೆಯರು ಧೈರ್ಯಗುಂದಿ ಸಾಯುತ್ತಿದ್ದರು. ಕೊರತೆ ಇದ್ದದ್ದು ಮೈಬಲದ್ದಲ್ಲ, ಅನುಭವದ್ದು. ಅವರು ಶಿಕ್ಷಣತಜ್ಞ ಕರ್ಟ್ ಹಾನ್ ಅವರೊಡನೆ ಸೇರಿ 1941ರಲ್ಲಿ ವೇಲ್ಸ್‌ನ ಅಬರ್‌ಡವಿಯಲ್ಲಿ 'ಔಟ್‌ವರ್ಡ್ ಬೌಂಡ್' ಶಾಲೆಯನ್ನು ಆರಂಭಿಸಿದರು. ಮುಂದೆ 1965ರಲ್ಲಿ ಪಾಲ್ ಪೆಟ್ಜೋಲ್ಟ್ ಎಂಬ ಪರ್ವತಾರೋಹಿ ಅಮೆರಿಕದ ವಯೋಮಿಂಗ್ ರಾಜ್ಯದ ಲ್ಯಾಂಡರ್ ಊರಿನಲ್ಲಿ 'ನ್ಯಾಷನಲ್ ಔಟ್‌ಡೋರ್ ಲೀಡರ್‌ಶಿಪ್ ಸ್ಕೂಲ್' ಸ್ಥಾಪಿಸಿದರು. ಆ ಶಾಲೆ ಅಲಾಸ್ಕ, ಕೆನಡಾದ ಯುಕಾನ್‌ನಂಥ ದೂರದ ಉತ್ತರ ಸೀಮೆಯಲ್ಲೂ ಚಾರಣ ಮತ್ತು ದೋಣಿಯಾನದ ತರಬೇತಿಗಳನ್ನು ನಡೆಸಿದೆ. ಅಲ್ಲಿ ವಾರಗಟ್ಟಲೆ ಊರಿಲ್ಲ, ಅಂಗಡಿಯಿಲ್ಲ. ಬೇಕಾದದ್ದೆಲ್ಲ ಬೆನ್ನ ಮೇಲೆ ಅಥವಾ ದೋಣಿಯಲ್ಲಿ.

ದಿನಕ್ಕೊಬ್ಬ ಮುಂದಾಳು

ಈ ಶಾಲೆಯ ಮುಖ್ಯ ಪದ್ಧತಿ ಬಹಳ ಸರಳ. ಪ್ರತಿದಿನ ಒಬ್ಬ ವಿದ್ಯಾರ್ಥಿ ಆ ದಿನದ ಮುಂದಾಳು. ಎಷ್ಟು ಹೊತ್ತಿಗೆ ಹೊರಡಬೇಕು, ಯಾವ ದಾರಿ, ಎಲ್ಲಿ ವಿಶ್ರಾಂತಿ, ಎಲ್ಲಿ ಡೇರೆ – ತೀರ್ಮಾನ ಅವನದು ಅಥವಾ ಅವಳದು. ಗುರುಗಳು ಜೊತೆಗಿರುತ್ತಾರೆ, ಪ್ರಾಣಾಪಾಯವಿಲ್ಲದಿದ್ದರೆ ಬಾಯಿ ಹಾಕುವುದಿಲ್ಲ. ಸಂಜೆ ಎಲ್ಲರೂ ಕುಳಿತು ಏನು ಸರಿಹೋಯಿತು, ಏನು ಕೆಟ್ಟಿತು ಎಂದು ಮುಖಾಮುಖಿ ಮಾತನಾಡುತ್ತಾರೆ. ನಿನ್ನೆ ಅಪ್ಪಣೆ ಕೊಟ್ಟವನು ಇಂದು ಪಾತ್ರೆ ತೊಳೆಯುತ್ತಾನೆ. ಚೆನ್ನಾಗಿ ಹಿಂಬಾಲಿಸುವುದೂ ಮುಂದಾಳುತನದ ಒಂದು ಭಾಗವೆಂದೇ ಅಲ್ಲಿ ಕಲಿಸುತ್ತಾರೆ.

ದೋಣಿಯ ಪಾಠವಂತೂ ಕೂಡುಕುಟುಂಬದವರಾದ ನಮಗೆ ಹೇಳಿ ಮಾಡಿಸಿದಂತಿದೆ. 'ಕನೂ' ಎಂಬ ಉದ್ದನೆಯ ಕಿರಿದಾದ ದೋಣಿಯಲ್ಲಿ ಇಬ್ಬರು ಕೂರುತ್ತಾರೆ. ಹಿಂದೆ ಕುಳಿತವನು ಹುಟ್ಟಿನಿಂದ ದಿಕ್ಕನ್ನು ಹಿಡಿಯುತ್ತಾನೆ. ಆದರೆ ನೀರಿನಲ್ಲಿ ಅಡಗಿದ ಬಂಡೆ ಮೊದಲು ಕಾಣುವುದು ಮುಂದೆ ಕುಳಿತವನಿಗೆ. ಮುಂದಿನವನು ಕೂಗಿ ಹೇಳಬೇಕು, ಹಿಂದಿನವನು ಕಿವಿಗೊಡಬೇಕು. ಇಬ್ಬರೂ ಒಂದೇ ಬದಿಗೆ ಹುಟ್ಟು ಹಾಕಿದರೆ ದೋಣಿ ಓರೆಯಾಗಿ ತಿರುಗುತ್ತದೆ. ಅನುಭವಿ ತಂದೆ, ಹೊಸ ಕಾಲವನ್ನು ಕಾಣುವ ಮಗ ಅಥವಾ ಸೊಸೆ – ವ್ಯಾಪಾರದ ದೋಣಿಯೂ ಇದಕ್ಕಿಂತ ಬೇರೆಯೇ?

ನಮ್ಮ ದೇಶದ ಮಾದರಿ

ಇದಕ್ಕಾಗಿ ಯುಕಾನ್‌ಗೇ ಹೋಗಬೇಕಾಗಿಲ್ಲ. ಎವರೆಸ್ಟ್ ವಿಜಯದ ಮರುವರ್ಷವೇ, 1954ರಲ್ಲಿ, ಡಾರ್ಜಿಲಿಂಗಿನಲ್ಲಿ ಹಿಮಾಲಯ ಪರ್ವತಾರೋಹಣ ಸಂಸ್ಥೆ ಆರಂಭವಾಯಿತು. 1965ರಲ್ಲಿ ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆ. ಉತ್ತರಕಾಶಿಯಲ್ಲಿ ತರಬೇತಿ ಪಡೆದ ಬಚೇಂದ್ರಿ ಪಾಲ್ ಅವರ ಬದುಕು ನಮ್ಮ ಹೆಣ್ಣುಮಕ್ಕಳ ತಾಯಿತಂದೆಯರು ತಿಳಿಯಬೇಕಾದದ್ದು. 1984ರ ಮೇ ತಿಂಗಳಲ್ಲಿ ಎವರೆಸ್ಟ್ ಏರುವಾಗ ಅವರ ಶಿಬಿರದ ಮೇಲೆ ಹಿಮಕುಸಿತವಾಯಿತು. ಗಾಯಗೊಂಡ ಹಲವರು ಕೆಳಗಿಳಿದರು, ಇವರು ಉಳಿದರು. ಮೇ 23ರಂದು ಶಿಖರ ಮುಟ್ಟಿ, ಆ ಸಾಧನೆ ಮಾಡಿದ ಮೊದಲ ಭಾರತೀಯ ಮಹಿಳೆಯಾದರು.

ನಂತರ ಅವರು ಮಾಡಿದ ಕೆಲಸ ಇನ್ನೂ ದೊಡ್ಡದು. ಟಾಟಾ ಸ್ಟೀಲ್ ಕಂಪೆನಿಯ ಸಾಹಸ ಪ್ರತಿಷ್ಠಾನವನ್ನು ಮುನ್ನಡೆಸಿ ನೂರಾರು ತರುಣರನ್ನು ತಯಾರು ಮಾಡಿದರು. 1994ರಲ್ಲಿ 18 ಮಹಿಳೆಯರ ತಂಡದೊಡನೆ ಮೂರು ರಬ್ಬರ್ ದೋಣಿಗಳಲ್ಲಿ ಗಂಗಾನದಿಯ ಮೇಲೆ ಹರಿದ್ವಾರದಿಂದ ಕೋಲ್ಕತ್ತದವರೆಗೆ 39 ದಿನ ಸಾಗಿದರು. ಉಕ್ಕಿನ ಕಾರ್ಖಾನೆ ನಡೆಸುವವರು ತಮ್ಮ ಅಧಿಕಾರಿಗಳಿಗೂ ಬೆಟ್ಟದಲ್ಲಿ ಪಾಠ ಹೇಳಿಸುತ್ತಾರೆಂದರೆ, ಅದರಲ್ಲಿ ಲಾಭವಿಲ್ಲದೆ ಇರಲಾರದು!

ಕರ್ನಾಟಕದಲ್ಲಿ ಕೊಡಗಿನ ವೀರ, 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ತಿಮ್ಮಯ್ಯನವರ ಹೆಸರಿನ ರಾಷ್ಟ್ರೀಯ ಸಾಹಸ ಅಕಾಡೆಮಿ ಇದೆ. ಅದು ರಾಜ್ಯ ಸರ್ಕಾರದ್ದು. ಯುವಜನರಿಗೆ ಶಿಲಾರೋಹಣ, ಚಾರಣ, ಜಲಸಾಹಸಗಳ ತರಬೇತಿ ನೀಡುತ್ತದೆ.

ಇನ್ನು ನಮ್ಮ ಉಕ್ಕಡಂ. ಪೆರಿಯಕುಳಂ ಕೆರೆಗೆ ನೀರು ತರುವ ನೊಯ್ಯಲ್ ನದಿ ಹುಟ್ಟುವುದೇ ಪಶ್ಚಿಮದ ವೆಳ್ಳಿಯಂಗಿರಿ ಬೆಟ್ಟಗಳಲ್ಲಿ. ಕಾರಮಡೈ ಕಡೆಯ ಪರಳಿಕ್ಕಾಡಿನಲ್ಲಿ ಅರಣ್ಯ ಇಲಾಖೆ ಇರುಳ ಆದಿವಾಸಿಗಳ ಜೊತೆಗೂಡಿ ಪಿಲ್ಲೂರು ಅಣೆಕಟ್ಟಿನ ಹಿನ್ನೀರಿನಲ್ಲಿ ಹರಿಗೋಲು ವಿಹಾರ ನಡೆಸಿಕೊಂಡು ಬಂದಿದೆ. 2024ರ ಅಕ್ಟೋಬರಿನಲ್ಲಿ ತಮಿಳುನಾಡು ಸರ್ಕಾರ 'ಟ್ರೆಕ್ ತಮಿಳುನಾಡು' ಯೋಜನೆಯಡಿ 14 ಜಿಲ್ಲೆಗಳಲ್ಲಿ 40 ಚಾರಣದ ಹಾದಿಗಳನ್ನು ತೆರೆಯಿತು. ಕೊಯಮತ್ತೂರು ಜಿಲ್ಲೆಯ ಹಾದಿಗಳೂ ಅದರಲ್ಲಿವೆ.

ಊಟದ ಚಿಂತೆ ಬೇಡ

"ಕಾಡಿನಲ್ಲಿ ನಮ್ಮ ಮಕ್ಕಳ ಆಹಾರ ನಿಯಮದ ಗತಿ ಏನು?" ಎಂದು ಹಿರಿಯರು ಕೇಳುತ್ತಾರೆ. ನಿಜ ಹೇಳಬೇಕೆಂದರೆ ನಮ್ಮ ನಿಯಮಗಳು ಚಾರಣಕ್ಕೆ ಚೆನ್ನಾಗಿ ಹೊಂದುತ್ತವೆ. ಕತ್ತಲಾಗುವ ಮುನ್ನ ಅಡುಗೆ, ಊಟ ಮುಗಿಸುವುದನ್ನೇ ತಿಳಿದ ಚಾರಣಿಗರೂ ಬಯಸುತ್ತಾರೆ. ಹೊಳೆಯ ನೀರನ್ನು ಕುದಿಸಿಯೇ ಕುಡಿಯಬೇಕು. ನೀರು ತುಂಬಿದ ಆಲೂಗೆಡ್ಡೆ, ಈರುಳ್ಳಿ ಭಾರ. ಹೆಸರುಬೇಳೆ, ಅಕ್ಕಿ, ಅವಲಕ್ಕಿ, ಖಾಕ್ರಾ ಹಗುರ. ಹೊರುವ ಚೀಲ ದೇಹದ ತೂಕದ ಐದನೆಯ ಒಂದು ಪಾಲನ್ನು ಮೀರಬಾರದು ಎಂಬುದು ಸಾಮಾನ್ಯ ಲೆಕ್ಕ. ಮಕ್ಕಳಿಗೆ ಇನ್ನೂ ಕಡಿಮೆ. ಚೀಲ ಕಟ್ಟುವಾಗ "ಇದು ನಿಜವಾಗಿ ಬೇಕೇ?" ಎಂದು ಪ್ರತಿ ವಸ್ತುವನ್ನೂ ಕೇಳಿದ ಮಗುವಿಗೆ ಅಪರಿಗ್ರಹದ ಅರ್ಥವನ್ನು ಬೇರೆ ವಿವರಿಸಬೇಕಾಗಿಲ್ಲ. (ಯುಕಾನ್‌ನ ವೈಟ್‌ಹಾರ್ಸ್ ನಗರದಲ್ಲಿ ಜೂನ್ ತಿಂಗಳಲ್ಲಿ ಸುಮಾರು 19 ಗಂಟೆ ಹಗಲಿರುತ್ತದೆ. ಸೂರ್ಯಾಸ್ತಕ್ಕೆ ಮುಂಚಿನ ಊಟಕ್ಕೆ ಅಲ್ಲಿ ಅವಸರವೇ ಇಲ್ಲ!)

ಕಳುಹಿಸುವ ಮುನ್ನ ಕೇಳಿ

ಆದರೆ ಉತ್ಸಾಹವೊಂದೇ ಸಾಲದು. 2018ರ ಮಾರ್ಚ್ 11ರಂದು ತೇನಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಕಾಡ್ಗಿಚ್ಚಿಗೆ ಸಿಕ್ಕ ಚಾರಣಿಗರಲ್ಲಿ ಚೆನ್ನೈ, ಈರೋಡು ಮತ್ತು ನಮ್ಮ ತಿರುಪ್ಪೂರಿನವರೂ ಇದ್ದರು. 20ಕ್ಕೂ ಹೆಚ್ಚು ಜೀವಗಳು ಹೋದವು. ಆ ಮನೆಗಳ ದುಃಖವನ್ನು ನಾವು ಮರೆಯಬಾರದು. ಅಂಗಡಿಗೆ ಸರಕು ತರಿಸುವಾಗ ಎಷ್ಟು ವಿಚಾರಿಸುತ್ತೇವೋ, ಮಕ್ಕಳನ್ನು ಕಳುಹಿಸುವಾಗ ಅದಕ್ಕಿಂತ ಹೆಚ್ಚು ವಿಚಾರಿಸಬೇಕು:

1. ಅರಣ್ಯ ಇಲಾಖೆಯ ಅನುಮತಿ ಈ ಹಾದಿಗೇ ಇದೆಯೇ? ಒಣ ಬೇಸಿಗೆಯಲ್ಲಿ ಹೋಗುತ್ತಿಲ್ಲ ತಾನೇ?

2. ಜೊತೆಯಲ್ಲಿ ದಾರಿ ಬಲ್ಲ ಸ್ಥಳೀಯ ಮಾರ್ಗದರ್ಶಿ ಇದ್ದಾರೆಯೇ? ಮುಖ್ಯಸ್ಥರಿಗೆ ಪ್ರಥಮ ಚಿಕಿತ್ಸೆಯ ತರಬೇತಿ ಆಗಿದೆಯೇ?

3. ನೀರಿಗಿಳಿಯುವುದಾದರೆ ಈಜು ಬಲ್ಲವರೂ ಸೇರಿ ಪ್ರತಿಯೊಬ್ಬರಿಗೂ ಲೈಫ್ ಜಾಕೆಟ್ ಉಂಟೇ?

4. ಮಳೆ, ಬೆಂಕಿ, ಆನೆ ಎದುರಾದರೆ ಹಿಂದಿರುಗುವ ಯೋಜನೆ ಏನು?

ಕೊನೆಯ ಪ್ರಶ್ನೆಗೆ ನಗುತ್ತಾ "ಏನೂ ಆಗುವುದಿಲ್ಲ ಬಿಡಿ" ಎನ್ನುವವರ ಜೊತೆ ಕಳುಹಿಸಬೇಡಿ. ಅಪಾಯ ಕಂಡಾಗ ಶಿಖರವನ್ನು ಬಿಟ್ಟು ತಂಡವನ್ನು ಹಿಂದಕ್ಕೆ ತರಬಲ್ಲವನೇ ನಿಜವಾದ ಮುಂದಾಳು. ನಷ್ಟದ ವ್ಯವಹಾರದಿಂದ ಸಕಾಲದಲ್ಲಿ ಹಿಂದೆ ಸರಿಯುವ ವಿವೇಕವೂ ಇದೇ ಅಲ್ಲವೇ?

ಈ ದೀಪಾವಳಿ ರಜೆಯಲ್ಲಿ ನಾಲ್ಕಾರು ಕುಟುಂಬಗಳು ಸೇರಿ, ಗಂಡುಮಕ್ಕಳನ್ನೂ ಹೆಣ್ಣುಮಕ್ಕಳನ್ನೂ ಇಂಥ ಒಂದು ಸುಲಭ ಹಾದಿಗೆ, ಸರಿಯಾದ ಮಾರ್ಗದರ್ಶಿಯೊಂದಿಗೆ ಕಳುಹಿಸಿ ನೋಡಬಹುದು. ಅವರು ಹಿಂದಿರುಗಿದ ಮೇಲೆ ಹಿರಿಯರು ಮಾಡಬೇಕಾದ ಕೆಲಸ ಒಂದೇ: ವಾರಕ್ಕೊಂದು ದಿನ ಅಂಗಡಿಯ ಬೀಗದ ಕೈಯನ್ನು ಅವರಿಗೆ ಕೊಟ್ಟು, ಜೊತೆಯಲ್ಲೇ ಕುಳಿತು, ಬಾಯಿ ಹಾಕದಿರುವುದು. ಬಹುಶಃ ಎಲ್ಲಕ್ಕಿಂತ ಕಠಿಣವಾದ ಚಾರಣ ಅದೇ!