ಗ್ರಂಥದಲ್ಲಿರುವ ಪಾಲು, ಮನೆಯಲ್ಲಿ ಸಿಗುವ ಪಾಲು

ಸೊಲ್ಲಾಪುರದಿಂದ ಅಕ್ಕಲಕೋಟೆಯ ಕಡೆಗೆ ಸಾಗುವ ದಾರಿಯಲ್ಲಿರುವ ಕುಂಭಾರಿ ಇಂದು ಬರಿಯ ಹಳ್ಳಿಯಾಗಿ ಉಳಿದಿಲ್ಲ. ಇಲ್ಲಿಯ ಗೋದೂತಾಯಿ ಪರುಳೇಕರ ವಸಾಹತಿನಲ್ಲಿ ಬೀಡಿ ಕಟ್ಟುವ ಹೆಂಗಸರಿಗಾಗಿ 10,000 ಮನೆಗಳು ಎದ್ದವು. ಅಸಂಘಟಿತ ಕಾರ್ಮಿಕರಿಗಾಗಿ 30,000 ಮನೆಗಳನ್ನು ಯೋಜಿಸಿದ ರೇ ನಗರದಲ್ಲಿ ಮೊದಲ 15,000 ಮನೆಗಳು 2024ರ ಜನವರಿ 19ರಂದು ಹಸ್ತಾಂತರಗೊಂಡವು. ದುಡಿಯುವ ಕುಟುಂಬಕ್ಕೆ ದೊರೆತ ಮೊದಲ ಸ್ವಂತ ಸೂರು ಮುಂದೆ ಯಾರ ಪಾಲಿಗೆ? ಮುಸ್ಲಿಂ ಕುಟುಂಬದಲ್ಲಿ ಈ ಪ್ರಶ್ನೆ ಎದ್ದಾಗ ಧರ್ಮಗ್ರಂಥ, ದೇಶದ ಕಾನೂನು ಹಾಗೂ ಮನೆತನದ ರೂಢಿ ಮೂರೂ ಎದುರುಬದುರಾಗುತ್ತವೆ.

ಗ್ರಂಥದ ಮಾತು ಸ್ಪಷ್ಟವಾಗಿದೆ. ಕುರಾನಿನ ನಾಲ್ಕನೆಯ ಅಧ್ಯಾಯದ ಹೆಸರೇ 'ಸ್ತ್ರೀಯರು'. ತಂದೆತಾಯಿ ಬಿಟ್ಟುಹೋದ ಆಸ್ತಿ ಅಲ್ಪವಿರಲಿ, ಅಧಿಕವಿರಲಿ, ಅದರಲ್ಲಿ ಹೆಣ್ಣಿಗೂ ಪಾಲುಂಟೆಂದು ಅದರ ಏಳನೆಯ ವಚನ ಹೇಳುತ್ತದೆ. ಹನ್ನೊಂದನೆಯ ವಚನದಂತೆ ಮಗನಿಗೆ ಎರಡು ಪಾಲಾದರೆ ಮಗಳಿಗೆ ಒಂದು.

ಆದರೆ ಬದುಕು ಗ್ರಂಥದಂತೆಯೇ ನಡೆಯುವುದಿಲ್ಲ. 1847ರಲ್ಲಿ ಮುಂಬಯಿಯ ನ್ಯಾಯಾಲಯದ ಮುಂದೆ ಖೋಜಾ ಮತ್ತು ಮೇಮನ ಸಮುದಾಯಗಳ ಹೆಣ್ಣುಮಕ್ಕಳು ಕುರಾನಿನ ಆಧಾರದಿಂದ ಪಾಲು ಬೇಡಿದರು. ನ್ಯಾಯಾಧೀಶ ಅರ್ಸ್ಕಿನ್ ಪೆರಿ ಆ ಸಮುದಾಯಗಳ ರೂಢಿಯನ್ನು ವಿಚಾರಿಸಿ, ಹೆಣ್ಣಿಗೆ ಪಾಲು ಕೊಡದ ರೂಢಿಯನ್ನೇ ಎತ್ತಿಹಿಡಿದರು. ತೊಂಬತ್ತು ವರ್ಷಗಳ ಬಳಿಕ, 1937ರ ಶರೀಅತ್ ಅಧಿನಿಯಮ ಉತ್ತರಾಧಿಕಾರದಲ್ಲಿ ರೂಢಿಯನ್ನು ಬದಿಗೊತ್ತಿ ಶರೀಅತ್ತಿಗೆ ಸ್ಥಾನ ಕೊಟ್ಟಿತು. ಆದರೆ ಕೃಷಿಭೂಮಿಯನ್ನು ಅದರಿಂದ ಹೊರಗಿರಿಸಿತು.

ಈ ಅಂತರವನ್ನು ಅರಿಯಲು ವಿದ್ವಾಂಸರು ಗ್ರಂಥದೊಡನೆ ಜನಜೀವನವನ್ನೂ ಓದಬೇಕಾಯಿತು. ರಿಚರ್ಡ್ ಈಟನ್ 1978ರಲ್ಲಿ ಪ್ರಕಟಿಸಿದ ಬಿಜಾಪುರದ ಸೂಫಿಗಳ ಅಧ್ಯಯನದಲ್ಲಿ, ಬೀಸುವಾಗ, ನೂಲುವಾಗ ಹೆಂಗಸರು ಹಾಡುತ್ತಿದ್ದ ದಖನಿ ಹಾಡುಗಳ ಮೂಲಕ ಧರ್ಮದ ಸರಳ ಬೋಧೆ ಮನೆಮನೆಗೆ ಹರಡಿದ ಬಗೆಯನ್ನು ತೋರಿಸಿದರು. ರಹಮತ್ ತರೀಕೆರೆಯವರು 'ಕರ್ನಾಟಕದ ಸೂಫಿಗಳು' ಗ್ರಂಥಕ್ಕಾಗಿ ದರ್ಗಾಗಳನ್ನು ಸುತ್ತಿ ಜನರ ನಡೆನುಡಿಗಳನ್ನು ದಾಖಲಿಸಿದರು. ಗ್ರಂಥವನ್ನು ತಿಳಿಯುವುದೆಂದರೆ ಅದನ್ನು ಬಾಳುವವರನ್ನೂ ತಿಳಿಯುವುದು ಎಂಬುದೇ ಇಂಥ ಅಧ್ಯಯನಗಳ ಪಾಠ.

ಆ ದೃಷ್ಟಿಯಿಂದ ನೋಡಿದರೆ ಮಹಾರಾಷ್ಟ್ರದ ಕಚೇರಿಗಳಲ್ಲಿ ಸಾಮಾನ್ಯವಾದ 'ಹಕ್ಕಸೋಡ ಪತ್ರ' ಬೇರೆಯೇ ಅರ್ಥ ಪಡೆಯುತ್ತದೆ. ತವರಿನ ಬಾಗಿಲು ಮುಚ್ಚಬಾರದೆಂದು ಅಕ್ಕತಂಗಿಯರು ಅಣ್ಣತಮ್ಮಂದಿರಿಗೆ ತಮ್ಮ ಹಕ್ಕನ್ನು ಬರೆದುಕೊಡುತ್ತಾರೆ. ಇದು ಒಂದೇ ಧರ್ಮದ ಕಥೆಯಲ್ಲ. 2005ರ ತಿದ್ದುಪಡಿಯಿಂದ ಸಮಪಾಲು ಪಡೆದ ಹಿಂದೂ ಹೆಣ್ಣುಮಕ್ಕಳೂ ಹೀಗೆಯೇ ಸಹಿ ಮಾಡುವುದುಂಟು. ಪ್ರೀತಿಯಿಂದ ಬಿಟ್ಟುಕೊಟ್ಟರೆ ಅದು ದಾನ. ತಿಳಿಯದೆ ಸಹಿ ಮಾಡಿದರೆ ಅದು ನಷ್ಟ.

ಗಡಿನಾಡಿನ ಮನೆಗಳಲ್ಲಿ ಪಠಣ ಅರಬಿಯಲ್ಲಿ, ಶಾಲೆ ಕನ್ನಡದಲ್ಲಿ, ಕಾಗದಪತ್ರ ಮರಾಠಿಯಲ್ಲಿ. ಹಕ್ಕು ಬಹಳಷ್ಟು ಸಲ ಕಳೆದುಹೋಗುವುದು ಈ ಭಾಷೆಗಳ ನಡುವಿನ ಸಂದಿಯಲ್ಲಿ. ಆದುದರಿಂದ ಮನೆಯ ದಸ್ತಾವೇಜು, ಹೊಲದ ಸಾತಬಾರಾ ಉತಾರೆಗಳನ್ನು ಮಕ್ಕಳ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸಿ, ಕನ್ನಡದಲ್ಲಿ ಅರ್ಥ ಹೇಳಿಸುವುದು ಒಳಿತು. ಅದನ್ನು ತಾಯಿ, ಅಜ್ಜಿ, ಅತ್ತೆಯಂದಿರೂ ಕುಳಿತು ಕೇಳಲಿ. ಸಹಿ ಮಾಡುವ ಕೈಗೆ ಅದಕ್ಕೆ ಮೊದಲು ಅರಿವು ದೊರೆಯಬೇಕು.