ಯಂತ್ರಕ್ಕೆ ವಿಭಕ್ತಿಯ ಪಾಠ

ಉತ್ತರ ಕರ್ನಾಟಕದ ಬಯಲಾಟದ ರಸಿಕರಿಗೆ ಕುಲಗೋಡದ ಪರಿಚಯವನ್ನು ಬೇರೆಯಾಗಿ ಮಾಡಿಕೊಡಬೇಕಾದುದಿಲ್ಲ. ಹಿಂದೆ ಗೋಕಾಕ ತಾಲ್ಲೂಕಿಗೆ ಸೇರಿದ್ದು, ಈಗ ಮೂಡಲಗಿ ತಾಲ್ಲೂಕಿನಲ್ಲಿರುವ ಬೆಳಗಾವಿ ಜಿಲ್ಲೆಯ ಈ ಗ್ರಾಮ ತಮ್ಮಣ್ಣನ ಊರು. ಅಪರಾಳ ತಮ್ಮಣ್ಣನ ಕೃತಿಯನ್ನು ಆಧರಿಸಿ, ೧೯ನೆಯ ಶತಮಾನದಲ್ಲಿ ‘ಶ್ರೀಕೃಷ್ಣ ಪಾರಿಜಾತ’ವನ್ನು ಆಟವಾಗಿ ಬೆಳೆಯಿಸಿದ ಕೀರ್ತಿ ಕುಲಗೋಡ ತಮ್ಮಣ್ಣನದು.

ಈ ಊರಿನ ವಿದ್ಯಾರ್ಥಿನಿಯೊಬ್ಬಳು ತನ್ನೂರಿನ ವಿಷಯವಾಗಿ ಪ್ರಬಂಧ ಬರೆಯಲು ಹೊರಟಿದ್ದಾಳೆಂದು ಭಾವಿಸೋಣ. ಗಣಕಯಂತ್ರದಲ್ಲಿ ಸಾವಿರಾರು ಕನ್ನಡ ಪುಟಗಳು ಸಂಗ್ರಹವಾಗಿವೆ. ಆಕೆ ‘ಕುಲಗೋಡ’ ಎಂದು ಬರೆದು ಹುಡುಕುತ್ತಾಳೆ. ಪುಟಗಳಲ್ಲಿರುವುದಾದರೋ ‘ಕುಲಗೋಡಕ್ಕೆ’, ‘ಕುಲಗೋಡದಲ್ಲಿ’, ‘ಕುಲಗೋಡದವರು’ ಎಂಬ ರೂಪಗಳು. ಕನ್ನಡ ವ್ಯಾಕರಣವನ್ನು ಅರಿಯದ ಯಂತ್ರಕ್ಕೆ ಇವೆಲ್ಲ ಒಂದಕ್ಕೊಂದು ಸಂಬಂಧವಿಲ್ಲದ ಪದಗಳು. ‘ಇಲ್ಲ’ ಎಂದು ಅದು ನಿರ್ವಿಕಾರವಾಗಿ ಉತ್ತರಿಸುತ್ತದೆ. ಪುಟಗಳೂ ಇವೆ, ಹುಡುಕುವವಳೂ ಇದ್ದಾಳೆ. ಇಬ್ಬರ ನಡುವೆ ಒಂದು ವಿಭಕ್ತಿಪ್ರತ್ಯಯ ಗೋಡೆಯಾಗಿ ನಿಂತಿದೆ!

ಹುಡುಕುವ ತಂತ್ರಾಂಶ ಕೆಲಸಮಾಡುವ ಬಗೆಯನ್ನು ತಿಳಿಯಲು ಗ್ರಂಥದ ಕೊನೆಯಲ್ಲಿರುವ ಪದಸೂಚಿಯನ್ನು ನೆನೆದರೆ ಸಾಕು. ಯಂತ್ರವು ಪ್ರಶ್ನೆ ಬಂದಾಗ ಎಲ್ಲ ಪುಟಗಳನ್ನೂ ತಿರುವಿಹಾಕುವುದಿಲ್ಲ. ಮುಂಚಿತವಾಗಿಯೇ ಪ್ರತಿಯೊಂದು ಪದಕ್ಕೂ ಅದು ಬರುವ ಪುಟಗಳ ಪಟ್ಟಿಯನ್ನು ಸಿದ್ಧಪಡಿಸಿಕೊಂಡಿರುತ್ತದೆ. ೧೯೯೯ರಲ್ಲಿ ಅಮೆರಿಕದ ಡಗ್ ಕಟಿಂಗ್ ಬರೆದ ‘ಲೂಸೀನ್’ ಇಂತಹದೊಂದು ತಂತ್ರಾಂಶ. ೨೦೦೧ರಲ್ಲಿ ಅಪಾಚೆ ಸಂಸ್ಥೆಯ ಆಶ್ರಯಕ್ಕೆ ಬಂದ ಇದರ ಒಳಗುಟ್ಟು ಎಲ್ಲರಿಗೂ ತೆರೆದಿದೆ. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ತಮ್ಮ ಭಾಷೆಗೆ ಬೇಕಾದುದನ್ನು ಸೇರಿಸಲು ಕಳುಹಿಸಬಹುದು.

ಪದಸೂಚಿಯಲ್ಲಿ ಒಂದೇ ಪದದ ಹತ್ತು ರೂಪಗಳು ಹತ್ತು ಕಡೆ ಚದುರದಂತೆ, ಪ್ರತ್ಯಯಗಳನ್ನು ಕಳಚಿ ಪ್ರಕೃತಿಯ ಕೆಳಗೆ ಒಟ್ಟುಗೂಡಿಸುವ ಉಪಾಯವನ್ನು ಇಂಗ್ಲಿಷಿಗಾಗಿ ಮಾರ್ಟಿನ್ ಪೋರ್ಟರ್ ೧೯೮೦ರಲ್ಲಿ ಪ್ರಕಟಿಸಿದರು. ಇಂತಹ ನಿಯಮಗಳನ್ನು ಬರೆಯಲೆಂದೇ ಅವರು ೨೦೦೧ರಲ್ಲಿ ‘ಸ್ನೋಬಾಲ್’ ಎಂಬ ಪುಟ್ಟ ಗಣಕಭಾಷೆಯನ್ನು ಹೊರತಂದರು. ಅದರಲ್ಲಿ ಒಮ್ಮೆ ಸೇರಿದ ನಿಯಮ ಲೂಸೀನಿನಂತಹ ಹಲವು ತಂತ್ರಾಂಶಗಳಿಗೆ ದಾರಿ ಕಂಡುಕೊಳ್ಳುತ್ತದೆ. ೨೦೨೧ರಲ್ಲಿ ಹೊರಬಂದ ಸ್ನೋಬಾಲಿನ ೨.೨ನೆಯ ಆವೃತ್ತಿಯಲ್ಲಿ ಹಿಂದಿ, ನೇಪಾಳಿ, ತಮಿಳು ಭಾಷೆಗಳಿಗೆ ಸ್ಥಾನವಿತ್ತು. ಕನ್ನಡಕ್ಕಿರಲಿಲ್ಲ.

ಕನ್ನಡಕ್ಕೆ ವ್ಯಾಕರಣದ ಬಡತನವೇ? ೧೩ನೆಯ ಶತಮಾನದಲ್ಲಿಯೇ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಸಂಧಿ, ನಾಮ, ಆಖ್ಯಾತಗಳನ್ನು ಸೂತ್ರಬದ್ಧವಾಗಿ ನಿರೂಪಿಸಿದ್ದಾನೆ. ‘ಮನೆ’ಗೆ ‘ಅಲ್ಲಿ’ ಸೇರಿದಾಗ ನಡುವೆ ಯಕಾರ ಬಂದು ‘ಮನೆಯಲ್ಲಿ’ ಆಗುತ್ತದೆ. ‘ಗುರು’ವಿಗೆ ‘ಅನ್ನು’ ಸೇರಿದಾಗ ವಕಾರ ಬರುತ್ತದೆ. ‘ಮರ’ಕ್ಕೆ ‘ಅಲ್ಲಿ’ ಸೇರಿದಾಗ ದಕಾರ ಬರುತ್ತದೆ. ಶಾಲೆಯ ಮಕ್ಕಳೂ ಬಲ್ಲ ಈ ಪಾಠವನ್ನು ಯಂತ್ರಕ್ಕೆ ಹಿಂದುಮುಂದಾಗಿ ಕಲಿಸಬೇಕು. ವೈಯಾಕರಣನು ಪ್ರಕೃತಿಗೆ ಪ್ರತ್ಯಯವನ್ನು ಕೂಡಿಸಿದರೆ, ತಂತ್ರಾಂಶವು ಕೂಡಿದ್ದನ್ನು ಬಿಡಿಸಬೇಕು. ಕೂಡಿಸುವುದಕ್ಕಿಂತ ಬಿಡಿಸುವುದು ಕಷ್ಟ.

ಉದಾಹರಣೆಗೆ, ಕೊನೆಯಲ್ಲಿ ‘ಗಳು’ ಬಂದರೆ ಕತ್ತರಿಸು ಎಂದು ಒಂದು ನಿಯಮ ಬರೆಯೋಣ. ‘ಮರಗಳು’ ಚೆನ್ನಾಗಿ ‘ಮರ’ವಾಗುತ್ತದೆ. ಆದರೆ ‘ಮಗಳು’ ಬಂದೊಡನೆ ಯಂತ್ರವು ಆಕೆಯನ್ನು ಬಹುವಚನವೆಂದು ತಿಳಿದು, ಬರಿಯ ‘ಮ’ವನ್ನು ಉಳಿಸುತ್ತದೆ. ‘ತಿಂಗಳು’ ‘ತಿಂ’ ಆಗುತ್ತದೆ. ಹಾಗಾದರೆ, ಉಳಿಯುವ ಭಾಗ ಎರಡಕ್ಷರಕ್ಕಿಂತ ಕಡಿಮೆಯಾದರೆ ಕತ್ತರಿಸಬೇಡ ಎನ್ನೋಣ. ಮಗಳೇನೋ ಬದುಕಿಕೊಂಡಳು, ಆದರೆ ‘ಹೂಗಳು’, ‘ಕೈಗಳು’ ಎಂಬ ನಿಜವಾದ ಬಹುವಚನಗಳು ಕೈಬಿಟ್ಟುಹೋದವು. ‘ಇಂದ’ ಎಂಬ ಪ್ರತ್ಯಯವನ್ನು ಕಂಡಲ್ಲೆಲ್ಲ ಕಳಚಿದರಂತೂ ‘ಗೋವಿಂದ’ನನ್ನು ಹುಡುಕಿದ ಭಕ್ತನಿಗೆ ಗೋವುಗಳ ವಿಷಯ ದೊರೆತೀತು! ಆದುದರಿಂದ ನಿಯಮಗಳ ಜೊತೆಗೆ ಅಪವಾದಗಳ ಪಟ್ಟಿಯೂ ಬೇಕು. ಆ ಪಟ್ಟಿಯನ್ನು ಮಾಡಬಲ್ಲವರು ಭಾಷೆಯನ್ನು ಆಡುವವರೇ.

ಲಿಪಿಯ ತೊಡಕೂ ಒಂದುಂಟು. ‘ಕುಲಗೋಡ’ದ ‘ಗೋ’ ಅಕ್ಷರವನ್ನೇ ನೋಡಿ. ಅದರ ಸ್ವರಚಿಹ್ನೆಯನ್ನು ಯೂನಿಕೋಡ್ ಪದ್ಧತಿಯಲ್ಲಿ ಒಂದೇ ಸಂಕೇತವಾಗಿ ಬರೆಯಬಹುದು. ಎತ್ವ, ಊತ್ವ, ದೀರ್ಘ ಎಂಬ ಮೂರು ಸಂಕೇತಗಳನ್ನು ಜೋಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಯಂತ್ರಕ್ಕೆ ಬೇರೆ ಬೇರೆ. ಲೂಸೀನಿನಲ್ಲಿ ಭಾರತೀಯ ಲಿಪಿಗಳ ಇಂತಹ ಭೇದಗಳನ್ನು ಒಂದೇ ರೂಪಕ್ಕೆ ತರುವ ಭಾಗವೊಂದಿದ್ದು, ಅದರಲ್ಲಿ ಕನ್ನಡವೂ ಸೇರಿದೆ. ಅಡಿಪಾಯ ಹಾಕಲಾಗಿದೆ ಎಂದು ಸಮಾಧಾನಪಡಬಹುದು.

ಹೊಸ ಭಾಷೆಯ ನಿಯಮಗಳನ್ನು ಅರ್ಪಿಸುವವರು ನಿಯಮಗಳನ್ನಷ್ಟೇ ಕಳುಹಿಸಿದರೆ ಸಾಲದು. ಸ್ನೋಬಾಲಿನ ಸಂಪ್ರದಾಯದಂತೆ ಜೊತೆಗೆ ಎರಡು ಪಟ್ಟಿಗಳಿರಬೇಕು: ಬಳಕೆಯಲ್ಲಿರುವ ಪದರೂಪಗಳದೊಂದು, ಅವುಗಳಿಂದ ಹೊರಡಬೇಕಾದ ಮೂಲರೂಪಗಳದೊಂದು. ಇದನ್ನು ಪರಿಶೀಲಿಸುವವರು ಸಮುದ್ರದಾಚೆಯವರಾಗಿ, ಒಂದಕ್ಷರ ಕನ್ನಡವನ್ನೂ ಅರಿಯದಿರಬಹುದು. ಆದರೂ ಪಟ್ಟಿಗಳನ್ನು ಯಂತ್ರಕ್ಕೆ ಒಡ್ಡಿ, ಫಲ ಸರಿಹೊಂದುವುದೇ ಎಂದು ಅವರು ನೋಡಬಲ್ಲರು. ನಾಳೆ ಮತ್ತೊಬ್ಬರು ತಿದ್ದುವಾಗ ಇಂದಿನ ಕೆಲಸ ಕೆಡದಂತೆ ಕಾಯುವುದೂ ಅದೇ ಪಟ್ಟಿ. ಹೀಗಾಗಿ ಗಣಕವಿದ್ಯೆಯ ಗಂಧವಿಲ್ಲದ ಕನ್ನಡ ಮೇಷ್ಟರೂ ಈ ಕಾರ್ಯದಲ್ಲಿ ಸಮಭಾಗಿಯಾಗಬಹುದು.

ಆದರೆ ಪಟ್ಟಿಯಲ್ಲಿ ಯಾವ ಕನ್ನಡವಿರಬೇಕು? ಪಠ್ಯಪುಸ್ತಕ ‘ಮನೆಯಲ್ಲಿ’ ಎನ್ನುತ್ತದೆ. ಕುಲಗೋಡದ ಕಡೆಯ ಆಡುಮಾತು ‘ಮನ್ಯಾಗ’ ಎನ್ನುತ್ತದೆ. ಗ್ರಂಥಭಾಷೆಗೆ ‘ಊರಿನಲ್ಲಿ’ ಆದುದು ಅಲ್ಲಿ ‘ಊರಾಗ’. ಬಯಲಾಟದ ಸಂಭಾಷಣೆಗಳು, ಹಂತಿಯ ಹಾಡುಗಳು, ಅಜ್ಜಿಯರು ಹೇಳಿದ ಕತೆಗಳು ಗಣಕಯಂತ್ರವನ್ನು ಸೇರಿದಾಗ ಈ ರೂಪಗಳಲ್ಲೇ ಸೇರುತ್ತವೆ. ನಿಯಮ ಬರೆದವರು ಗ್ರಂಥದ ಕನ್ನಡವನ್ನಷ್ಟೇ ಬಲ್ಲವರಾದರೆ, ತಮ್ಮಣ್ಣನ ನಾಡಿನ ಮಾತು ಕಣಜದೊಳಗೆ ಇದ್ದೂ ಹುಡುಕುವವರ ಕೈಗೆ ಸಿಗದು.

ಪ್ರಬಂಧ ಬರೆಯಲು ಕುಳಿತ ಆ ವಿದ್ಯಾರ್ಥಿನಿ ತನ್ನ ಮನೆಯಲ್ಲಿ ದಿನವೂ ಕೇಳುವ ಇಪ್ಪತ್ತು ಪದರೂಪಗಳನ್ನು ಒಂದು ಹಾಳೆಯ ಮೇಲೆ ಬರೆದು, ಪ್ರತಿಯೊಂದರ ಎದುರು ಅದರ ಮೂಲಪದವನ್ನು ನಮೂದಿಸಲಿ. ‘ಮನ್ಯಾಗ’ದ ಎದುರು ‘ಮನೆ’. ‘ಊರಾಗ’ದ ಎದುರು ‘ಊರು’. ‘ಮಗಳು’ ಎಂಬುದರ ಎದುರು, ಯಂತ್ರ ಎಡವದಿರಲೆಂದು, ಮತ್ತೆ ‘ಮಗಳು’. ಆ ಹಾಳೆಯನ್ನು ತಂತ್ರಾಂಶ ಬರೆಯಬಲ್ಲ ಗೆಳತಿಯೊಬ್ಬಳ ಕೈಗೆ ಕೊಟ್ಟರೆ, ಕೆಲಸ ಅಲ್ಲಿಂದಲೇ ಆರಂಭವಾಗುತ್ತದೆ.