ಕಳೆದುಹೋದ ಒಂದು ಸೊನ್ನೆ

ಬ್ಯಾಂಕಿನಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಲೆಡ್ಜರ್ ಬರೆದವನು ನಾನು. ಅಲ್ಲಿ ಒಂದು ಕಟ್ಟುನಿಟ್ಟಿನ ಪದ್ಧತಿ ಇತ್ತು. ತಪ್ಪು ಬರೆದರೆ ಬ್ಲೇಡಿನಿಂದ ಕೆರೆಯುವಂತಿಲ್ಲ, ರಬ್ಬರಿನಿಂದ ಉಜ್ಜುವಂತಿಲ್ಲ. ತಪ್ಪಿನ ಮೇಲೆ ಒಂದೇ ಗೆರೆ ಎಳೆದು, ಸರಿಯಾದದ್ದನ್ನು ಮೇಲೆ ಬರೆದು, ಪಕ್ಕದಲ್ಲಿ ಚಿಕ್ಕ ಸಹಿ ಹಾಕಬೇಕು. ತಪ್ಪೂ ಕಾಣಬೇಕು, ತಿದ್ದಿದವನು ಯಾರೆಂದೂ ಗೊತ್ತಾಗಬೇಕು. ನಿವೃತ್ತನಾಗಿ ಇಷ್ಟು ವರ್ಷಗಳಾದ ಮೇಲೆ ಹೋದ ತಿಂಗಳು ಮತ್ತೆ ಅಂಥ ಒಂದು ಗೆರೆ ಎಳೆದೆ, ಐದನೇ ಕ್ಲಾಸಿನಲ್ಲಿ ಓದುವ ಮೊಮ್ಮಗಳ ನೋಟ್‌ಬುಕ್ಕಿನಲ್ಲಿ.

ಅವಳ ಶಾಲೆಯವರು ಮಕ್ಕಳನ್ನು ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತಿಗೆ ಕರೆದುಕೊಂಡು ಹೋಗಿದ್ದರು. ಅಲ್ಲಿ ರೋರಿಚ್ ಅವರ ಚಿತ್ರಗಳಿಗೇ ಮೀಸಲಾದ ವಿಭಾಗವಿದೆ. ತಂದೆ ನಿಕೋಲಸ್ ರೋರಿಚ್, ಮಗ ಸ್ವೆಟೊಸ್ಲಾವ್ ರೋರಿಚ್, ಇಬ್ಬರ ಚಿತ್ರಗಳೂ ಇವೆ. ಮನೆಗೆ ಬಂದವಳೇ ಚಪ್ಪಲಿ ಬಿಡುವುದಕ್ಕೂ ಮೊದಲು ಕೇಳಿದಳು, “ತಾತ, ಸ್ವೆಟೊಸ್ಲಾವ್ ಅಂದರೆ ಏನು? ಮಿಸ್ ಅರ್ಥ ಬರ್ಕೊಂಡು ಬನ್ನಿ ಅಂದಿದ್ದಾರೆ.”

ನಾನು ಒಂದು ಕ್ಷಣವೂ ಯೋಚಿಸಲಿಲ್ಲ. “ಸ್ವೆಟ್ ಅಂದರೆ ನಮ್ಮ ಶ್ವೇತ ಕಣಮ್ಮ. ಬಿಳುಪು, ಬೆಳಕು. ಬೆಳಕಿನಂಥ ಕೀರ್ತಿ ಉಳ್ಳವನು ಅಂತ ಬರಿ” ಎಂದೆ. ಅವಳು ದುಂಡಗೆ ಬರೆದುಕೊಂಡಳು. ನನಗೂ ಒಳಗೊಳಗೇ ಹೆಮ್ಮೆ. ಈ ವಯಸ್ಸಿನಲ್ಲಿ ಮೊಮ್ಮಕ್ಕಳು ಫೋನನ್ನು ಬಿಟ್ಟು ನಮ್ಮನ್ನು ಕೇಳುವುದೇ ಅಪರೂಪ. ಕೇಳಿದಾಗ ಗೊತ್ತಿಲ್ಲ ಎನ್ನಲು ಬಾಯಿ ಬರುವುದಿಲ್ಲ.

ರಾತ್ರಿ ಮಲಗಿದಾಗ ಅನುಮಾನ ಶುರುವಾಯಿತು. ಎಪ್ಪತ್ತರ ದಶಕದಲ್ಲಿ ಸೋವಿಯತ್ ಪುಸ್ತಕಗಳು ನಮ್ಮೂರುಗಳಲ್ಲಿ ಕಡಲೆಕಾಯಿ ಬೆಲೆಗೆ ಸಿಗುತ್ತಿದ್ದವು. ಹೊಳೆಯುವ ಕಾಗದ, ಗಟ್ಟಿ ರಟ್ಟು. ಹೊಸದಾಗಿ ಕೆಲಸಕ್ಕೆ ಸೇರಿದ್ದ ನಾನು ಆಗ ಹುರುಪಿನಲ್ಲಿ ರಷ್ಯನ್ ಅಕ್ಷರಮಾಲೆ ಕಲಿತು ಒಂದು ನಿಘಂಟನ್ನೂ ಕೊಂಡಿದ್ದೆ. ಭಾಷೆ ಬರಲಿಲ್ಲ, ಅಕ್ಷರ ಮಾತ್ರ ಉಳಿಯಿತು. ಬೆಳಿಗ್ಗೆ ಎದ್ದು ಅಟ್ಟದ ಮೇಲಿಂದ ಆ ನಿಘಂಟು ಇಳಿಸಿ ನೋಡಿದೆ. ಬೆಳಕಿಗೆ ‘ಸ್ವೆತ್’ ಎಂಬ ಪದ ಇದ್ದದ್ದು ನಿಜ. ಆದರೆ ರಷ್ಯನ್ ಲಿಪಿಯಲ್ಲಿ ಆ ಕಲಾವಿದರ ಹೆಸರು ಸ್ವೆತ್ ಎಂದು ಶುರುವಾಗುವುದೇ ಇಲ್ಲ. ಅದು ‘ಸ್ವ್ಯಾತೊಸ್ಲಾವ್’. ಸ್ವ್ಯಾತ್ ಎಂದರೆ ಪವಿತ್ರ. ಎರಡೂ ಬೇರೆ ಬೇರೆ ಪದಗಳು, ಬೇರೆ ಬೇರೆ ಬೇರುಗಳಿಂದ ಬಂದವು. ಇಂಗ್ಲಿಷಿನಲ್ಲಿ ಅವರ ಹೆಸರನ್ನು ಸ್ವೆಟೊಸ್ಲಾವ್ ಎಂದು ಬರೆಯುವುದು ರೂಢಿಯಾದದ್ದರಿಂದ ನನ್ನಂಥವರು ಜಾರಿ ಬೀಳುತ್ತಾರೆ.

ಬಿದ್ದ ಮೇಲೆ ಸುಮ್ಮನೆ ಏಳುವುದು ಬೇಡವೆಂದು ಲೈಬ್ರರಿಗೆ ನಾಲ್ಕು ದಿನ ಓಡಾಡಿದೆ. ಸಿಕ್ಕಿದ್ದು ನಾನು ಹುಡುಕಿದ್ದಕ್ಕಿಂತ ಹೆಚ್ಚು.

ಮೊದಲು ಹೆಸರಿನ ಎರಡನೇ ಭಾಗ ನೋಡೋಣ, ಅದು ಸುಲಭ. ‘ಸ್ಲಾವ’ ಎಂದರೆ ಕೀರ್ತಿ. ಇದರ ಹಿಂದಿರುವುದು ‘ಕೇಳು’ ಎಂಬ ಅರ್ಥದ ಧಾತು. ನಮ್ಮ ಶ್ರವಣ, ಶ್ರುತಿ ಎಂಬ ಮಾತುಗಳೂ ಅದೇ ಮನೆತನದವು. ವೇದದ ಸಂಸ್ಕೃತದಲ್ಲಿ ‘ಶ್ರವಸ್’ ಎಂದರೆ ಕೀರ್ತಿ. ನಾಲ್ಕು ಜನರ ಕಿವಿಗೆ ಬಿದ್ದರೆ ತಾನೇ ಅದು ಕೀರ್ತಿ! ಮಹಾಭಾರತದ ಭೂರಿಶ್ರವ ನೆನಪಿದ್ದಾನೆಯೇ ಮಕ್ಕಳೇ? ಕುರುಕ್ಷೇತ್ರದಲ್ಲಿ ಅರ್ಜುನನ ಬಾಣದಿಂದ ತೋಳು ಕಳೆದುಕೊಂಡವನು. ಅವನ ಹೆಸರಿನ ಅರ್ಥ ಬಹಳ ಕೀರ್ತಿ ಉಳ್ಳವನು. ರಾವಣ, ಕುಬೇರರ ತಂದೆ ವಿಶ್ರವಸ್. ಗ್ರೀಕರ ಬಾಯಲ್ಲಿ ಇದೇ ಮಾತು ‘ಕ್ಲೆಓಸ್’ ಆಯಿತು. ನೀವು ಕಾರ್ಟೂನಿನಲ್ಲಿ ನೋಡುವ ಹರ್ಕ್ಯುಲಿಸ್‌ನ ಗ್ರೀಕ್ ಹೆಸರು ಹೆರಾಕ್ಲಿಸ್, ಹೇರಾ ದೇವಿಯ ಕೀರ್ತಿ. ಕ್ಲಿಯೋಪಾತ್ರ ಎಂದರೆ ತಂದೆಯ ಕೀರ್ತಿ. ಭೂರಿಶ್ರವ, ಹೆರಾಕ್ಲಿಸ್, ಸ್ವ್ಯಾತೊಸ್ಲಾವ್ ಮೂವರನ್ನೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರಿಸಬಹುದು.

ಸ್ಲಾವಿಕ್ ಜನರಲ್ಲಿ ಇಂಥ ಜೋಡಿ ಹೆಸರುಗಳು ರಾಶಿ ರಾಶಿ. ಯಾರೊಸ್ಲಾವ್, ಮ್‌ಸ್ತಿಸ್ಲಾವ್, ರೊಸ್ತಿಸ್ಲಾವ್, ವ್ಲಾದಿಸ್ಲಾವ್. ಇವರೆಲ್ಲರನ್ನೂ ಮನೆಯಲ್ಲಿ ಕರೆಯುವುದು ಮಾತ್ರ ‘ಸ್ಲಾವ’ ಎಂದೇ. ನಮ್ಮಲ್ಲಿ ಕೃಷ್ಣಪ್ಪ, ಕೃಷ್ಣಮೂರ್ತಿ, ಗೋಪಾಲಕೃಷ್ಣ ಎಲ್ಲರೂ ಕಿಟ್ಟಿಯೇ ಆಗುವ ಹಾಗೆ.

ಇನ್ನು ಮೊದಲ ಭಾಗ. ಇಲ್ಲಿದೆ ಸ್ವಾರಸ್ಯ.

ಸಾವಿರ ವರ್ಷಗಳ ಹಿಂದೆ ಕೀವ್ ನಗರವನ್ನು ಸ್ವ್ಯಾತೊಸ್ಲಾವ್ ಎಂಬ ರಾಜಕುಮಾರ ಆಳುತ್ತಿದ್ದ. ಅವನ ತಂದೆ ಈಗೋರ್, ತಾಯಿ ಓಲ್ಗಾ. ಈ ಎರಡು ಹೆಸರುಗಳೂ ಉತ್ತರದ ಸ್ಕ್ಯಾಂಡಿನೇವಿಯಾದ ಕಡೆಯಿಂದ ಬಂದವು: ಇಂಗ್ವಾರ್ ಎಂಬುದು ಈಗೋರ್ ಆಗಿತ್ತು, ಹೆಲ್ಗಾ ಎಂಬುದು ಓಲ್ಗಾ ಆಗಿತ್ತು. ಆ ರಾಜಮನೆತನದಲ್ಲಿ ಪಕ್ಕಾ ಸ್ಲಾವಿಕ್ ಹೆಸರಿಟ್ಟುಕೊಂಡು ಕೀವ್ ಆಳಿದವರಲ್ಲಿ ಇವನೇ ಮೊದಲಿಗ. ತಾಯಿ ಕ್ರೈಸ್ತಳಾದರೂ ಮಗ ಹಳೆಯ ದೇವರುಗಳನ್ನು ಬಿಡಲಿಲ್ಲ. ಹಾಗಾಗಿ ಅವನ ಹೆಸರಿನ ‘ಪವಿತ್ರ’ ಎಂಬ ಮಾತಿಗೂ ಚರ್ಚಿಗೂ ಸಂಬಂಧವಿಲ್ಲ. ಅದು ಅದಕ್ಕಿಂತ ಹಳೆಯದು. ಶಕ್ತಿ ತುಂಬಿದ, ವೃದ್ಧಿ ತರುವ ಎಂಬ ಅರ್ಥ ಅದರಲ್ಲಿತ್ತೆಂದು ಪಂಡಿತರು ಹೇಳುತ್ತಾರೆ.

ಈ ರಾಜ ನೋಡಲು ಹೇಗಿದ್ದ ಎಂಬುದು ಗೊತ್ತಿದೆ. 971ರಲ್ಲಿ ಡ್ಯಾನ್ಯೂಬ್ ನದಿಯ ದಡದಲ್ಲಿ ಅವನಿಗೂ ಬೈಜಾಂಟಿಯಂ ಚಕ್ರವರ್ತಿಗೂ ಸಂಧಿಯ ಮಾತುಕತೆ ನಡೆಯಿತು. ಲಿಯೋ ಎಂಬ ಗ್ರೀಕ್ ಇತಿಹಾಸಕಾರ ಅದನ್ನು ಬರೆದಿಟ್ಟಿದ್ದಾನೆ. ಚಕ್ರವರ್ತಿ ಚಿನ್ನದ ಕವಚ ತೊಟ್ಟು ಕುದುರೆಯ ಮೇಲೆ ಬಂದ. ಸ್ವ್ಯಾತೊಸ್ಲಾವ್ ಬಂದದ್ದು ದೋಣಿಯಲ್ಲಿ, ಉಳಿದವರ ಜೊತೆ ತಾನೂ ಹುಟ್ಟು ಹಾಕುತ್ತ. ನೀಲಿ ಕಣ್ಣು, ಎಲ್ಲರಂತೆ ಬಿಳಿಯ ಬಟ್ಟೆ, ಅವನದು ಸ್ವಲ್ಪ ಹೆಚ್ಚು ಶುಭ್ರ, ಅಷ್ಟೇ. ಒಂದು ಕಿವಿಯಲ್ಲಿ ಎರಡು ಮುತ್ತು, ನಡುವೆ ಕೆಂಪು ಹರಳು ಇರುವ ಚಿನ್ನದ ಒಂಟಿ. ತಲೆ ನುಣ್ಣಗೆ ಬೋಳಿಸಿ ಒಂದು ಪಕ್ಕಕ್ಕೆ ಜುಟ್ಟು ಬಿಟ್ಟಿದ್ದ. ದೊಡ್ಡ ಮನೆತನದವನೆಂಬುದಕ್ಕೆ ಆ ಜುಟ್ಟೇ ಗುರುತಂತೆ. ಇದನ್ನು ಓದಿ ಹೇಳಿದಾಗ ಮೊಮ್ಮಗಳು ಗೋಡೆಯ ಮೇಲಿದ್ದ ನನ್ನ ಮುತ್ತಾತನ ಫೋಟೊ ಕಡೆ ನೋಡಿ ನಕ್ಕಳು. ಮಾರನೆಯ ವರ್ಷ, 972ರಲ್ಲಿ, ಊರಿಗೆ ಹಿಂತಿರುಗುವಾಗ ದ್ನೀಪರ್ ನದಿಯ ಬಂಡೆಗಳ ನಡುವೆ ಶತ್ರುಗಳು ಹೊಂಚು ಹಾಕಿ ಅವನನ್ನು ಕೊಂದರು. ಅವನ ಮಗನೇ ವ್ಲಾದಿಮಿರ್. ರಷ್ಯಾ, ಉಕ್ರೇನ್ ಕಡೆಯ ಜನ ಕ್ರೈಸ್ತರಾದದ್ದು ಆ ಮಗನ ಕಾಲದಲ್ಲಿ, 988ರಲ್ಲಿ.

ಈಗ ಸೊನ್ನೆಯ ವಿಷಯಕ್ಕೆ ಬರುತ್ತೇನೆ. ಸ್ವ್ಯಾತೊಸ್ಲಾವ್ ಇನ್ನೂ ಹುಡುಗನಾಗಿದ್ದಾಗ ಇನ್ನೊಬ್ಬ ಬೈಜಾಂಟಿಯಂ ಚಕ್ರವರ್ತಿ, ಏಳನೆಯ ಕಾನ್‌ಸ್ಟಂಟೈನ್, ತನ್ನ ಮಗನಿಗಾಗಿ ರಾಜ್ಯಭಾರದ ಒಂದು ಪುಸ್ತಕ ಬರೆದ. ಅದರಲ್ಲಿ ಈ ಹುಡುಗನ ಹೆಸರೂ ಬರುತ್ತದೆ. ಗ್ರೀಕ್ ಕಿವಿಗೆ ಕೇಳಿಸಿದ ಹಾಗೆ ಅವನು ಬರೆದದ್ದು ‘ಸ್ಫೆಂದೊಸ್ಥ್ಲಾವೊಸ್’. ನಗಬೇಡಿ. ‘ಫೆಂ’ ಎಂಬಲ್ಲಿರುವ ಸೊನ್ನೆಯನ್ನು ಗಮನಿಸಿ. ಇಂದಿನ ಸ್ವ್ಯಾತೊಸ್ಲಾವ್‌ನಲ್ಲಿ ಆ ಸೊನ್ನೆ ಇಲ್ಲ. ಚಕ್ರವರ್ತಿ ತಪ್ಪು ಬರೆದನೇ? ಇಲ್ಲ. ಹಳೆಯ ಸ್ಲಾವಿಕ್ ಭಾಷೆಯಲ್ಲಿ ಅಲ್ಲಿ ಮೂಗಿನಿಂದ ಹೊರಡುವ ಒಂದು ಸ್ವರ ಇತ್ತು. ಕಾಲಕ್ರಮೇಣ ಅದು ಒಂದೊಂದು ಕಡೆ ಒಂದೊಂದು ರೀತಿ ಸವೆಯಿತು. ರಷ್ಯಾ, ಉಕ್ರೇನ್‌ಗಳಲ್ಲಿ ಸ್ವ್ಯಾತೊಸ್ಲಾವ್, ಚೆಕ್ ಜನರಲ್ಲಿ ಸ್ವಾತೊಸ್ಲಾವ್, ಬಲ್ಗೇರಿಯಾದಲ್ಲಿ ಸ್ವೆತೊಸ್ಲಾವ್. ಪೋಲೆಂಡಿನವರು ಮಾತ್ರ ಮೂಗಿನ ಸ್ವರವನ್ನು ಇಂದಿಗೂ ಜೋಪಾನ ಮಾಡಿದ್ದಾರೆ. ಅವರದು ‘ಶ್ಫ್ಯೆಂತೊಸ್ವಾಫ್’.

ನಂಬಿಕೆ ಬರದಿದ್ದರೆ ಬೆರಳು ಎಣಿಸಿ ನೋಡಿ. ಸಂಸ್ಕೃತದಲ್ಲಿ ಐದಕ್ಕೆ ಪಂಚ, ಸೊನ್ನೆ ಇದೆ. ಪೋಲಿಷ್‌ನಲ್ಲಿ ‘ಪ್ಯೆಂಚ್’, ಸೊನ್ನೆ ಇದೆ. ರಷ್ಯನ್‌ನಲ್ಲಿ ‘ಪ್ಯಾತ್’, ಬಲ್ಗೇರಿಯನ್‌ನಲ್ಲಿ ‘ಪೆತ್’, ಸೊನ್ನೆ ಮಾಯ. ಹೆಸರಿನಲ್ಲಿ ಆದದ್ದೂ ಇದೇ. ಆ ಸೊನ್ನೆಯನ್ನು ವಾಪಸು ಇಟ್ಟು ನೋಡಿದರೆ ಬಂಧುಗಳು ಸಿಗುತ್ತಾರೆ. ಲಿಥುವೇನಿಯಾದಲ್ಲಿ ಪವಿತ್ರ ಎಂಬುದಕ್ಕೆ ‘ಶ್ವೆಂತಸ್’. ಪಾರಸಿಗಳ ಅವೆಸ್ತಾದಲ್ಲಿ ‘ಸ್ಪೆಂತ’. ಅವರ ‘ಅಮೇಶ ಸ್ಪೆಂತ’ರು ಎಂದರೆ ಅಮರರಾದ ಪವಿತ್ರರು. ಆ ‘ಅಮೇಶ’ ನಮ್ಮ ‘ಅಮೃತ’ಕ್ಕೆ ಸೋದರ.

ಹಾಗಾದರೆ ನಾನು ಹೇಳಿದ ಶ್ವೇತ ಪೂರ್ತಿ ಸುಳ್ಳೇ? ಸ್ವಲ್ಪ ಮಾನ ಉಳಿದಿದೆ. ಬೆಳಕಿನ ‘ಸ್ವೆತ್’ ನಮ್ಮ ‘ಶ್ವೇತ’ಕ್ಕೆ ನಿಜವಾಗಿಯೂ ನೆಂಟ. ರಷ್ಯಾದ ಹುಡುಗಿಯರ ಹೆಸರು ಸ್ವೆತ್ಲಾನಾ ಅದರಿಂದಲೇ ಬಂದದ್ದು. ನಿಮ್ಮ ಕ್ಲಾಸಿನ ಶ್ವೇತಾಗೂ ಮಾಸ್ಕೋದ ಸ್ವೆತ್ಲಾನಾಗೂ ದೂರದ ಸಂಬಂಧ ಇದೆ ಎನ್ನಬಹುದು. ರಷ್ಯನ್ನರಿಗೇ ಈ ಎರಡು ಪದ ಕಿವಿಯಲ್ಲಿ ಬೆರೆಯುತ್ತವೆ. ಇಪ್ಪತ್ತನೆಯ ಶತಮಾನದ ದೊಡ್ಡ ಪಿಯಾನೊ ವಾದಕ ಸ್ವ್ಯಾತೊಸ್ಲಾವ್ ರಿಕ್ಟರ್‌ನನ್ನು ಮನೆಯವರು ಮುದ್ದಿನಿಂದ ‘ಸ್ವೆತಿಕ್’ ಎನ್ನುತ್ತಿದ್ದರು, ಪುಟ್ಟ ಬೆಳಕು! ತಾಯಂದಿರು ಮುದ್ದು ಮಾಡುವಾಗ ನಿಘಂಟು ನೋಡುವುದಿಲ್ಲ.

ಚಕ್ರವರ್ತಿ ಬರೆದ ಆ ಹೆಸರನ್ನು ಓದುವಾಗ ನನಗೆ ಇನ್ನೊಂದು ಯೋಚನೆ ಬಂತು. ಆ ರಾಜ ಏನಾದರೂ ನನ್ನ ಕೌಂಟರಿಗೆ ಬಂದು, ಒಂದು ಕಾಗದದಲ್ಲಿ ಸ್ವ್ಯಾತೊಸ್ಲಾವ್, ಇನ್ನೊಂದರಲ್ಲಿ ಸ್ಫೆಂದೊಸ್ಥ್ಲಾವೊಸ್ ಎಂದಿರುವುದನ್ನು ಮುಂದಿಟ್ಟಿದ್ದರೆ ನಾನೇನು ಮಾಡುತ್ತಿದ್ದೆ? ಖಂಡಿತ ವಾಪಸು ಕಳಿಸುತ್ತಿದ್ದೆ. ಏಕೆಂದರೆ ಹಾಗೆ ಮಾಡಿದ್ದೇನೆ.

ಎಂಬತ್ತರ ದಶಕ, ಒಂದು ಹಳ್ಳಿಗಾಡಿನ ಶಾಖೆ. ಗಂಡನನ್ನು ಕಳೆದುಕೊಂಡ ಒಬ್ಬ ಅಜ್ಜಿ ಅವನ ಖಾತೆಯಲ್ಲಿದ್ದ ಸಣ್ಣ ಮೊತ್ತ ಕೇಳಲು ಬಂದರು. ಅವರ ನಿಜವಾದ ಹೆಸರು ಇಲ್ಲಿ ಬೇಡ, ಸಾವಿತ್ರಮ್ಮ ಎಂದಿಟ್ಟುಕೊಳ್ಳಿ. ನಮ್ಮ ಪುಸ್ತಕದಲ್ಲಿ ಸಾವಿತ್ರಮ್ಮ, ಅವರ ರೇಷನ್ ಕಾರ್ಡಿನಲ್ಲಿ ಸಾವಂತ್ರಮ್ಮ. ಒಂದು ಗುಡಿಸು ಹೋಗಿ ಒಂದು ಸೊನ್ನೆ ಬಂದಿತ್ತು, ಅಷ್ಟೇ. ಬಸ್ಸಿಳಿದು ಬಿಸಿಲಲ್ಲಿ ನಡೆದು ಬಂದಿದ್ದ ಅವರಿಗೆ ನಾನು, ಹೆಸರು ತಾಳೆ ಆಗುತ್ತಿಲ್ಲ, ಇಬ್ಬರೂ ಒಬ್ಬರೇ ಎಂದು ಛಾಪಾ ಕಾಗದದ ಮೇಲೆ ಅಫಿಡವಿಟ್ ಮಾಡಿಸಿಕೊಂಡು ಬನ್ನಿ ಎಂದೆ. “ಅಪ್ಪಾ, ನಮ್ಮವ್ವ ಕರೀತಿದ್ದದ್ದು ಸಾವಂತ್ರಿ ಅಂತ. ಮೇಷ್ಟ್ರು ಬರ್ಕೊಂಡಿದ್ದು ಸಾವಿತ್ರಿ ಅಂತ. ಎಲ್ಡೂ ನಾನೇಯಾ” ಎಂದರು ಅವರು. ನನಗೆ ಅದು ಆಗಲೇ ಗೊತ್ತಿತ್ತು. ಅವರನ್ನು ಗುರುತಿಸಬಲ್ಲ ಊರವರು ಅಲ್ಲೇ ಬೆಂಚಿನ ಮೇಲೆ ಕೂತಿದ್ದರು. ಮ್ಯಾನೇಜರ ಬಳಿ ಒಂದು ಮಾತು ಹೇಳಿದ್ದರೆ ದಾರಿ ಸಿಗುತ್ತಿತ್ತೋ ಏನೋ. ನಾನು ಹೇಳಲಿಲ್ಲ, ಮುಂದಿನ ಟೋಕನ್ ಕೂಗಿದೆ. ಹದಿನೈದು ದಿನ ಬಿಟ್ಟು ಅವರು ಅಫಿಡವಿಟ್ ತಂದರು. ಛಾಪಾ ಕಾಗದ, ನೋಟರಿ, ಎರಡು ಸಲದ ಬಸ್ ಚಾರ್ಜು, ಕೂಲಿ ತಪ್ಪಿದ ದಿನಗಳು, ಎಲ್ಲ ಕಳೆದರೆ ಕೈಗೆ ಎಷ್ಟು ಉಳಿಯಿತೋ ಲೆಕ್ಕದವನಾದ ನಾನು ಲೆಕ್ಕ ಹಾಕಲಿಲ್ಲ. ಹೆಬ್ಬೆಟ್ಟು ಒತ್ತಿ, ಹಣ ಎಣಿಸಿ, ಸೆರಗಿಗೆ ಗಂಟು ಹಾಕಿಕೊಂಡು ಹೋದರು. ನನ್ನ ಕಡೆ ನೋಡಲಿಲ್ಲ.

ಮೊಮ್ಮಗಳಿಗೆ ಇದನ್ನೂ ಹೇಳಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದು, “ಆ ಅಜ್ಜಿಗೆ ಸಾರಿ ಹೇಳಿದ್ರಾ ತಾತ?” ಎಂದಳು. ಇಲ್ಲ ಎಂದೆ.

ರೋರಿಚ್ ಅವರ ಬಗ್ಗೆ ಹೇಳದೆ ಮುಗಿಸಿದರೆ ಮಿಸ್ ಒಪ್ಪುವುದಿಲ್ಲವಂತೆ. ಅವರು ಹುಟ್ಟಿದ್ದು 1904ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ. ತಂದೆಗೆ ಹಳೆಯ ಕೀವ್, ನೊವ್ಗೊರೊದ್ ಕಾಲದ ದೋಣಿ, ಕೋಟೆಗಳನ್ನು ಚಿತ್ರಿಸುವ ಹುಚ್ಚು. ಮಗನಿಗೆ ಜುಟ್ಟಿನ ರಾಜನ ಹೆಸರಿಟ್ಟದ್ದರಲ್ಲಿ ಆಶ್ಚರ್ಯವೇನೂ ನನಗೆ ಕಾಣುವುದಿಲ್ಲ. ಕುಟುಂಬ ಹಿಮಾಲಯದ ಕುಲ್ಲು ಕಣಿವೆಯಲ್ಲಿ ನೆಲೆಸಿತು. ಸ್ವೆಟೊಸ್ಲಾವ್ 1945ರಲ್ಲಿ ಚಿತ್ರನಟಿ ದೇವಿಕಾ ರಾಣಿಯವರನ್ನು ಮದುವೆಯಾದರು. ಮುಂದೆ ಇಬ್ಬರೂ ಬೆಂಗಳೂರಿನ ಕನಕಪುರ ರಸ್ತೆಯ ತಾತಗುಣಿ ಎಸ್ಟೇಟಿನಲ್ಲಿ ಬಾಳಿದರು. ಅಲ್ಲಿ ಸುಗಂಧ ತೈಲ ಕೊಡುವ ಲಿನಲೋ ಮರಗಳನ್ನು ಬೆಳೆಸಿದರು. ರಷ್ಯಾದಲ್ಲಿ ಅವರು ಸ್ವ್ಯಾತೊಸ್ಲಾವ್ ನಿಕೊಲಾಯೆವಿಚ್ ರೇರಿಖ್, ನಮ್ಮಲ್ಲಿ ಸ್ವೆಟೊಸ್ಲಾವ್ ರೋರಿಚ್. 1993ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು.

ನೋಟ್‌ಬುಕ್ಕಿನಲ್ಲಿ ‘ಬೆಳಕಿನಂಥ’ ಎಂಬುದರ ಮೇಲೆ ಒಂದೇ ಗೆರೆ ಎಳೆದು ‘ಪವಿತ್ರವಾದ’ ಎಂದು ಬರೆದೆ. ಪಕ್ಕದಲ್ಲಿ ಚಿಕ್ಕ ಸಹಿ, ಕೆಳಗೆ ತಾರೀಖು. “ವೈಟ್ನರ್ ಹಚ್ಚಿ ತಾತ, ನೀಟಾಗಿರತ್ತೆ” ಎಂದಳು. ಬೇಡ, ಕಾಣಲಿ ಎಂದೆ. ಅವಳು ಪುಸ್ತಕವನ್ನು ಬ್ಯಾಗಿಗೆ ತುರುಕಿ ಅಂಗಳಕ್ಕೆ ಓಡಿದಳು. ಕುಂಟೆಬಿಲ್ಲೆಯ ಮನೆಗಳನ್ನು ಹಾರುತ್ತ ಐದನೆಯದಕ್ಕೆ ಬಂದಾಗಲೆಲ್ಲ ಪಂಚ, ಪ್ಯೆಂಚ್, ಪ್ಯಾತ್ ಎಂದು ಅವಳು ಕೂಗುತ್ತಿದ್ದದ್ದು ಒಳಗೆ ಕೂತ ನನಗೆ ಕೇಳಿಸುತ್ತಿತ್ತು.